ಔಟ್‌ಬೋರ್ಡ್ ಮೋಟಾರಿಗೆ ಯಾವ ಆನೋಡ್: ಸತುವೋ, ಅಲ್ಯೂಮಿನಿಯಮ್ಮೋ, ಮೆಗ್ನೀಸಿಯಮ್ಮೋ?

ಮಂಗಳೂರು, ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ತರುವವರು ಎಂಜಿನ್ ಸ್ಟಾರ್ಟ್ ಮಾಡಿ ನೋಡುತ್ತಾರೆ. ಪ್ರೊಪೆಲ್ಲರ್ ತಿರುಗಿಸಿ ನೋಡುತ್ತಾರೆ. ಬೆಲೆ ಚೌಕಾಸಿ ಮಾಡುತ್ತಾರೆ. ಕೆಳಗೆ ಬೋಲ್ಟ್ ಹಾಕಿ ಕೂರಿಸಿದ, ಬಣ್ಣ ಹೊಡೆಯದ ಬೂದು ಲೋಹದ ತುಂಡನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅದೇ ಆನೋಡ್. ಮೋಟಾರು ಸವೆಯುವ ಬದಲು ತಾನು ಸವೆಯಲಿ ಅಂತ ಹಾಕಿದ ತುಂಡು.

ಮೈಸೂರು, ಮಂಡ್ಯದಲ್ಲಿ ಸಮುದ್ರವೇ ಇಲ್ಲವಲ್ಲ, ನಮಗ್ಯಾಕೆ ಇದು ಅನ್ನಿಸಬಹುದು. ರಂಗನತಿಟ್ಟಿನಲ್ಲಿ ಹುಟ್ಟು ಹಾಕಿ ನಡೆಸುವ ದೋಣಿಗೆ, ಕಾರಂಜಿ ಕೆರೆಯ ಪೆಡಲ್ ದೋಣಿಗೆ ಈ ತಲೆನೋವಿಲ್ಲ ನಿಜ. ಆದರೆ ಕಬಿನಿ ಹಿನ್ನೀರಿನಲ್ಲಿ ಸಫಾರಿಗೆ ಮೋಟಾರು ದೋಣಿ ಓಡುತ್ತದೆ. 2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿ ಉಕ್ಕಿ, ನಂಜನಗೂಡಿನ ಬಳಿ ಊಟಿ ರಸ್ತೆಯೇ ಮುಳುಗಿತ್ತು. ಅಂಥ ಹೊತ್ತಿನಲ್ಲಿ ನೀರಿಗಿಳಿಯುವ ರಬ್ಬರ್ ದೋಣಿಯ ಮೋಟಾರು ಈ ವಾರ ಇಲ್ಲಿದ್ದರೆ ಮುಂದಿನ ವಾರ ಕರಾವಳಿಯಲ್ಲಿ ಇರಬಹುದು. ಮೈಸೂರಿನಲ್ಲಿ ಮನೆ, ಉಡುಪಿ ಕಡೆ ದೋಣಿ ಇಟ್ಟುಕೊಂಡವರ ಲೆಕ್ಕ ಇನ್ನೊಂದು. ಈ ಮೂವರಿಗೂ ಒಂದೇ ಆನೋಡ್ ಹೊಂದುವುದಿಲ್ಲ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೋಟಾರು ಕಬಿನಿ, ಕಾವೇರಿ ಬಿಟ್ಟು ಎಂದೂ ಹೋಗುವುದಿಲ್ಲ ಅಂದರೆ ಮೆಗ್ನೀಸಿಯಂ. ಸಮುದ್ರದಲ್ಲೇ ಇರುತ್ತದೆ ಅಂದರೆ ಅಲ್ಯೂಮಿನಿಯಂ ಅಥವಾ ಸತು. ಅಲ್ಲಿಗೂ ಇಲ್ಲಿಗೂ ಓಡಾಡುತ್ತದೆ ಅಂದರೆ ಅಲ್ಯೂಮಿನಿಯಂ, ಬೇರೆ ಮಾತಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಕೆಮಿಸ್ಟ್ರಿ ಬೇಕು.

ನೀರಿನೊಳಗೆ ನಡೆಯುವುದು ಏನು

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿ ಮುಳುಗಿದ್ದರೆ ಅಲ್ಲೊಂದು ಬ್ಯಾಟರಿಯೇ ತಯಾರಾಗುತ್ತದೆ. ಎರಡರಲ್ಲಿ ಯಾವುದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೋ ಅದು ಕರಗುತ್ತದೆ. ಇನ್ನೊಂದು ಉಳಿಯುತ್ತದೆ. ಔಟ್‌ಬೋರ್ಡ್ ಮೋಟಾರಿನ ಗೇರ್‌ಕೇಸ್, ಅಂದರೆ ನೀರಿನಲ್ಲಿ ಮುಳುಗುವ, ಪ್ರೊಪೆಲ್ಲರ್ ಕೂರುವ ಕೆಳಭಾಗ, ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ಇದೆ, ಬೋಲ್ಟ್‌ಗಳಿವೆ, ಎಷ್ಟೋ ಸಲ ಪ್ರೊಪೆಲ್ಲರೂ ಸ್ಟೇನ್‌ಲೆಸ್ಸೇ. ಇವುಗಳ ನಡುವೆ ಸೋಲುವುದು ಯಾವಾಗಲೂ ಗೇರ್‌ಕೇಸ್. ಬಣ್ಣದ ಕೆಳಗೆ ಮೊದಲು ಗುಳ್ಳೆ ಏಳುತ್ತದೆ. ಒಡೆದರೆ ಬಿಳಿ ಪುಡಿ. ಅದನ್ನು ಕೆರೆದರೆ ಅಡಿಯಲ್ಲಿ ಸಣ್ಣ ಗುಂಡಿ.

ಇದಕ್ಕೆ ಇರುವ ಉಪಾಯ ಹಳೆಯದು. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ನೌಕಾಪಡೆಯ ಹಡಗುಗಳ ತಳದ ತಾಮ್ರದ ತಗಡು ಸವೆಯದಂತೆ ಅದಕ್ಕೆ ಕಬ್ಬಿಣ ಮತ್ತು ಸತುವಿನ ತುಂಡುಗಳನ್ನು ತಾಗಿಸಿ ನೋಡಿದರು. ತಾಮ್ರ ಸವೆಯುವುದು ನಿಂತಿತು. ಆದರೆ ಇನ್ನೊಂದು ಫಜೀತಿ ಶುರುವಾಯಿತು. ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರ ಇರುತ್ತಿದ್ದ ಪಾಚಿ, ಚಿಪ್ಪುಹುಳುಗಳು ಈಗ ತಳದ ತುಂಬ ಹತ್ತಿಕೊಂಡವು. ಹಡಗಿನ ವೇಗ ಇಳಿಯಿತು. ನೌಕಾಪಡೆ ಆ ಪ್ರಯೋಗವನ್ನು ಕೈಬಿಟ್ಟಿತು. ರಕ್ಷಣೆ ಜಾಸ್ತಿಯಾದರೂ ತೊಂದರೆ ಅನ್ನುವುದು ಅಂದೇ ಗೊತ್ತಾಗಿತ್ತು. ಮೆಗ್ನೀಸಿಯಂ ವಿಷಯಕ್ಕೆ ಬಂದಾಗ ಇದೇ ಮಾತು ಮತ್ತೆ ಬರುತ್ತದೆ.

ಸಮುದ್ರದ ನೀರಿನಲ್ಲಿ ಹೋಲಿಕೆಗೆ ಸಿಲ್ವರ್-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಇಟ್ಟು ಒಂದೊಂದು ಲೋಹದ ವೋಲ್ಟೇಜ್ ಅಳೆದರೆ ಸ್ಟೇನ್‌ಲೆಸ್ ಸ್ಟೀಲ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಗೇರ್‌ಕೇಸಿನ ಅಲ್ಯೂಮಿನಿಯಂ ಸುಮಾರು ಮೈನಸ್ 0.75 ವೋಲ್ಟ್. ಸತುವಿನ ಆನೋಡ್ ಮೈನಸ್ 1.03 ಆಸುಪಾಸು. ಆನೋಡಿಗೆಂದೇ ತಯಾರಿಸಿದ ಅಲ್ಯೂಮಿನಿಯಂ ಮಿಶ್ರಲೋಹ ಮೈನಸ್ 1.1 ಹತ್ತಿರ. ಮೆಗ್ನೀಸಿಯಂ ಮೈನಸ್ 1.5 ದಾಟುತ್ತದೆ. ಗೇರ್‌ಕೇಸ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು ತಳ್ಳುವ ಶಕ್ತಿ. ಸತುವಿಗೆ ಸುಮಾರು 0.28 ವೋಲ್ಟ್, ಅಲ್ಯೂಮಿನಿಯಂಗೆ 0.35, ಮೆಗ್ನೀಸಿಯಂಗೆ 0.75ಕ್ಕೂ ಜಾಸ್ತಿ.

ಇಷ್ಟೇ ನೋಡಿದರೆ ಮೆಗ್ನೀಸಿಯಮ್ಮೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಅಲ್ಲ. ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಬಿನಿ ನೀರು ಬೇರೆ, ಅರಬ್ಬಿ ಸಮುದ್ರ ಬೇರೆ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕರೆಂಟು ಅದರಲ್ಲಿ ಸಲೀಸಾಗಿ ಹರಿಯುತ್ತದೆ. ಕೊಡಗಿನಿಂದ ಕೆಆರ್‌ಎಸ್‌ಗೆ ಬರುವ ನೀರು, ವಯನಾಡಿನಿಂದ ಕಬಿನಿಗೆ ಇಳಿಯುವ ನೀರು ಮಳೆಯ ನೀರು. ಅದರಲ್ಲಿ ಕರಗಿದ ಲವಣ ತೀರಾ ಕಡಿಮೆ. ಕರೆಂಟು ಹರಿಯಲು ನೂರು ಪಟ್ಟು, ಅದಕ್ಕಿಂತಲೂ ಜಾಸ್ತಿ ಕಷ್ಟ.

ಹಾಗಾಗಿ ಸಮುದ್ರದಲ್ಲಿ ಕಾಲು ವೋಲ್ಟಿನ ತಳ್ಳು ಸಾಕಾಗುತ್ತದೆ. ಕಬಿನಿಯಲ್ಲಿ ಅದೇ ಕಾಲು ವೋಲ್ಟು ಒಂದು ಗೇಣು ದೂರವೂ ಸರಿಯಾಗಿ ತಲುಪುವುದಿಲ್ಲ. ಸಿಹಿನೀರಿನಲ್ಲಿ ಸವೆತವೂ ನಿಧಾನ ನಿಜ. ಆದರೆ ನಿಧಾನ ಅಂದರೆ ಇಲ್ಲ ಅಂತಲ್ಲ. ವರ್ಷವಿಡೀ ನೀರಿನಲ್ಲೇ ಕಟ್ಟಿಹಾಕಿದ ದೋಣಿಯ ಗೇರ್‌ಕೇಸನ್ನು ಎತ್ತಿ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಮನೆಗಳ ಸ್ಟೋರೇಜ್ ಗೀಸರ್ ಒಳಗೆ ಇರುವುದೂ ಇದೇ ಏರ್ಪಾಡು. ಸಿಹಿನೀರು, ಉಕ್ಕಿನ ಟ್ಯಾಂಕು, ಅದರೊಳಗೆ ಮೆಗ್ನೀಸಿಯಂ ಕಡ್ಡಿ. ಸರ್ವಿಸ್‌ಗೆ ಬಂದವರು ಹೊರತೆಗೆದು ತೋರಿಸುವ ಆ ಸವೆದ ಕಡ್ಡಿಯನ್ನು ನೋಡಿದವರಿಗೆ ದೋಣಿಯ ಆನೋಡ್ ಹೊಸದೇನಲ್ಲ.

ಸತು

ಸತು ಹಳೆಯ ನಂಬಿಕಸ್ತ. ಸಮುದ್ರದಲ್ಲಿ ಇದರ ಕೆಲಸಕ್ಕೆ ಬೆರಳು ತೋರಿಸುವಂತಿಲ್ಲ. ಸವೆತ ಸಮನಾಗಿ ಆಗುತ್ತದೆ. ಎಷ್ಟು ಉಳಿದಿದೆ ಅಂತ ಕಣ್ಣಲ್ಲೇ ಅಳೆಯಬಹುದು. ಸಮಸ್ಯೆ ಇರುವುದು ಸಿಹಿನೀರಿನಲ್ಲಿ. ಅಲ್ಲಿ ಸತುವಿನ ಮೇಲೆ ಬಿಳಿ ಪದರ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಪದರ ಕಟ್ಟಿದ ಮೇಲೆ ಆನೋಡ್ ಸತ್ತ ಹಾಗೆಯೇ. ನೋಡಲು ಹೊಸದರಂತೆ ತುಂಬಿಕೊಂಡಿರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ. ಮಾಲೀಕ "ನೋಡಿ ಸಾರ್, ಎರಡು ವರ್ಷವಾದರೂ ಆನೋಡ್ ಹಾಗೇ ಇದೆ" ಅಂತ ಖುಷಿಯಿಂದ ತೋರಿಸುತ್ತಾನೆ. ಸವೆಯದ ಆನೋಡ್ ಕಂಡರೆ ಖುಷಿಪಡಬಾರದು, ಅನುಮಾನ ಪಡಬೇಕು.

ಕರಾವಳಿಯಿಂದ ಬಂದ ಹಳೆಯ ಮೋಟಾರಿನಲ್ಲಿ ಸತುವೇ ಇದ್ದರೆ ಅದನ್ನು ಹಾಗೇ ಕಬಿನಿಗೆ ಇಳಿಸಬೇಡಿ. ತೆಗೆದು ಬದಲಾಯಿಸಿ.

ಸತುವಿನ ಶುದ್ಧತೆಯ ವಿಷಯವೂ ಇದೆ. ಅಮೆರಿಕದ ಮಿಲಿಟರಿ ಮಾನದಂಡದ ಪ್ರಕಾರ ಆನೋಡ್ ಸತುವಿನಲ್ಲಿ ಕಬ್ಬಿಣ ಶೇ 0.005ಕ್ಕಿಂತ ಜಾಸ್ತಿ ಇರಬಾರದು. ಜಾಸ್ತಿಯಾದರೆ ಉಪ್ಪುನೀರಿನಲ್ಲೂ ಅದೇ ಪದರ ಕಟ್ಟುತ್ತದೆ. ಗುಜರಿ ಸತು ಕರಗಿಸಿ ಅಚ್ಚಿಗೆ ಹೊಯ್ದ ತುಂಡು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು ಅನ್ನುವುದು ಇದಕ್ಕೇ. ಅದೇ ಮಾನದಂಡದ ಸತುವಿನಲ್ಲಿ ಸ್ವಲ್ಪ ಕ್ಯಾಡ್ಮಿಯಂ ಬೆರೆಸಿರುತ್ತಾರೆ. ಅದು ವಿಷದ ಲೋಹ. ಕರಗಿ ನೀರಿಗೇ ಸೇರುತ್ತದೆ. ಊರಿಗೆ ಕುಡಿಯುವ ನೀರು ಕೊಡುವ ಜಲಾಶಯಕ್ಕೆ ಇಂಥದ್ದನ್ನು ಸುಮ್ನೆ ಯಾಕೆ ಇಳಿಸಬೇಕು?

ಅಲ್ಯೂಮಿನಿಯಂ

ಗೇರ್‌ಕೇಸೂ ಅಲ್ಯೂಮಿನಿಯಂ, ಆನೋಡೂ ಅಲ್ಯೂಮಿನಿಯಂ. ಇದು ಅದನ್ನು ಹೇಗೆ ಕಾಯುತ್ತದೆ? ಆನೋಡಿನ ಅಲ್ಯೂಮಿನಿಯಂನಲ್ಲಿ ಶೇ 5ರ ಆಸುಪಾಸು ಸತು, ಜೊತೆಗೆ ಶೇ 0.02ರಷ್ಟು ಇಂಡಿಯಂ ಅನ್ನುವ ಲೋಹ ಬೆರೆಸಿರುತ್ತಾರೆ. ಸಾಮಾನ್ಯ ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಅದನ್ನು ಕಾಯುತ್ತದೆ. ಇಂಡಿಯಂ ಆ ಪದರ ಗಟ್ಟಿಯಾಗಲು ಬಿಡುವುದಿಲ್ಲ. ಹಾಗಾಗಿ ಈ ತುಂಡು ಸದಾ ಎಚ್ಚರವಾಗಿರುತ್ತದೆ. ಕೈಗೆ ಸಿಕ್ಕ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಬೋಲ್ಟ್ ಹಾಕಿದರೆ ಏನೂ ಪ್ರಯೋಜನವಿಲ್ಲ. ಹಾಗೆ ಮಾಡುವವರೂ ಇದ್ದಾರೆ, ಅದಕ್ಕೇ ಹೇಳಿದೆ.

ಉಪ್ಪುನೀರು, ಅಳಿವೆಯ ನೀರು, ಸಿಹಿನೀರು ಮೂರರಲ್ಲೂ ಕೆಲಸ ಮಾಡುವುದು ಇದೊಂದೇ. ತೀರಾ ತಿಳಿಯಾದ ಸಿಹಿನೀರಿನಲ್ಲಿ ಮೆಗ್ನೀಸಿಯಂನಷ್ಟು ಜೋರಿಲ್ಲ, ಒಪ್ಪುತ್ತೇನೆ. ಆದರೆ ಸತುವಿನಂತೆ ಪದರ ಕಟ್ಟಿಕೊಂಡು ಮಲಗುವುದಿಲ್ಲ. ಕಬಿನಿಯಲ್ಲಿ ತಿಂಗಳುಗಟ್ಟಲೆ ಇದ್ದು ಆಮೇಲೆ ಮಲ್ಪೆಗೆ ಇಳಿದರೂ ಕೆಲಸ ಮುಂದುವರಿಸುತ್ತದೆ.

ಬಾಳಿಕೆಯಲ್ಲೂ ಇದೇ ಮುಂದು. ಒಂದು ಕಿಲೋ ಸತು ಕೊಡುವುದು ಸುಮಾರು 780 ಆಂಪಿಯರ್-ಅವರ್ (ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಲೆಕ್ಕ). ಒಂದು ಕಿಲೋ ಅಲ್ಯೂಮಿನಿಯಂ ಆನೋಡ್ 2,500ರ ಹತ್ತಿರ. ಮೆಗ್ನೀಸಿಯಂ 1,100 ಚಿಲ್ಲರೆ. ಆದರೆ ನಾವು ಕೊಳ್ಳುವುದು ಕಿಲೋ ಲೆಕ್ಕದಲ್ಲಿ ಅಲ್ಲ, ಮೋಟಾರಿಗೆ ಕೂರುವ ಅಳತೆಯ ಲೆಕ್ಕದಲ್ಲಿ. ಒಂದೇ ಅಚ್ಚಿನಲ್ಲಿ ಹೊಯ್ದ ಮೂರು ತುಂಡು ತೆಗೆದುಕೊಂಡು ಸಾಂದ್ರತೆಯನ್ನೂ ಸೇರಿಸಿ ಗುಣಿಸಿದರೆ ಚಿತ್ರ ಬದಲಾಗುತ್ತದೆ. ಅಲ್ಯೂಮಿನಿಯಂ ತುಂಡು ಸತುವಿಗಿಂತ ಶೇ 20ರಷ್ಟು ಮಾತ್ರ ಜಾಸ್ತಿ ಬಾಳುತ್ತದೆ. ಮೆಗ್ನೀಸಿಯಂ ತುಂಡು ಸತುವಿನ ಮೂರನೇ ಒಂದು ಭಾಗ. ಅಂಗಡಿಯವರು "ಮೂರು ಪಟ್ಟು ಬಾಳಿಕೆ" ಅಂದರೆ ಅದು ತೂಕದ ಲೆಕ್ಕ ಅಂತ ತಿಳಿಯಿರಿ.

ಮೆಗ್ನೀಸಿಯಂ

ಸಿಹಿನೀರಿಗೆ ಇದು ರಾಜ. ಉಪ್ಪುನೀರಿಗೆ ಶತ್ರು.

ಸಮುದ್ರದಲ್ಲಿ ಹಾಕಿದರೆ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ. ತಳ್ಳುವ ವೋಲ್ಟೇಜ್ ಜಾಸ್ತಿಯಾದಾಗ ಗೇರ್‌ಕೇಸಿನ ಮೈಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಸುತ್ತಲಿನ ನೀರು ಕ್ಷಾರವಾಗುತ್ತದೆ. ಬಣ್ಣ ಉಬ್ಬಿ ಕಿತ್ತುಬರುತ್ತದೆ. ಅಲ್ಯೂಮಿನಿಯಂಗೆ ಆಮ್ಲವೂ ಆಗದು, ಕ್ಷಾರವೂ ಆಗದು. ಹೀಗಾಗಿ ಕಾಯಬೇಕಾದ ಆನೋಡೇ ಗೇರ್‌ಕೇಸನ್ನು ತಿನ್ನಿಸುತ್ತದೆ. ಡೇವಿಯ ಹಡಗುಗಳಲ್ಲಿ ಪಾಚಿ ಹತ್ತಿಕೊಂಡಿತು, ಇಲ್ಲಿ ಲೋಹವೇ ಹೋಗುತ್ತದೆ.

ಹಾಗಾಗಿ ಮೆಗ್ನೀಸಿಯಂ ಹಾಕಿದ ಮೋಟಾರನ್ನು "ಒಂದೇ ವಾರಕ್ಕೆ" ಅಂತ ಕರಾವಳಿಗೆ ಕೊಟ್ಟುಕಳಿಸುವಾಗ ಆನೋಡ್ ಬಿಚ್ಚಿ ಅಲ್ಯೂಮಿನಿಯಂ ಹಾಕಲೇಬೇಕು. ಈ ಶಿಸ್ತು ನಿಮ್ಮ ತಂಡದಲ್ಲಿ ಇಲ್ಲ ಅಂದರೆ ಮೆಗ್ನೀಸಿಯಂ ತಂಟೆಗೆ ಹೋಗಬೇಡಿ. ಎಲ್ಲ ಕಡೆ ಅಲ್ಯೂಮಿನಿಯಂ ಹಾಕಿ ನಿಶ್ಚಿಂತೆಯಾಗಿರಿ. ಅಳಿವೆಗಳ ವಿಷಯದಲ್ಲೂ ಅಷ್ಟೇ. ನೇತ್ರಾವತಿ, ಶರಾವತಿ, ಕಾಳಿ ನದಿಗಳು ಸಮುದ್ರ ಸೇರುವ ಜಾಗದಲ್ಲಿ ಮಳೆಗಾಲದಲ್ಲಿ ನೀರು ಸಿಹಿ, ಬೇಸಿಗೆಯಲ್ಲಿ ಉಪ್ಪು ಒಳಗೆ ನುಗ್ಗುತ್ತದೆ. ನದಿಯೇ ತಾನೇ ಅಂತ ಅಲ್ಲಿಗೆ ಮೆಗ್ನೀಸಿಯಂ ಇಳಿಸುವಂತಿಲ್ಲ.

ಒಂದೇ ಮೋಟಾರಿಗೆ ಎರಡು ಬಗೆ ಬೆರೆಸುವುದೂ ಬೇಡ. ಮೇಲೆ ಸತು, ಕೆಳಗೆ ಮೆಗ್ನೀಸಿಯಂ ಹಾಕಿದರೆ ಮೆಗ್ನೀಸಿಯಂ ಸತುವನ್ನೂ ಕಾಯಲು ಹೋಗಿ ಬೇಗ ಮುಗಿದುಹೋಗುತ್ತದೆ.

ಕೈಯಲ್ಲಿರುವುದು ಯಾವುದು ಅಂತ ತಿಳಿಯುವುದು

ಅಂಗಡಿಗಳಲ್ಲಿ ಮೂರಕ್ಕೂ "ಜಿಂಕ್" ಅಂತಲೇ ಕರೆಯುವ ಅಭ್ಯಾಸವಿದೆ. ಜಿಂಕ್ ಕೊಡಿ ಅಂದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಮೋಟಾರಿನ ಮಾಡೆಲ್ ನಂಬರ್, ಪಾರ್ಟ್ ನಂಬರ್ ಜೊತೆಗೆ ಲೋಹದ ಹೆಸರನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಇಟ್ಟು ನೋಡಿದರೆ ಉಪಯೋಗವಿಲ್ಲ, ಮೂರಕ್ಕೂ ಅಂಟುವುದಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ತುಂಡನ್ನು ತೂಗಿ ಗ್ರಾಂ ಬರೆದುಕೊಳ್ಳಿ. ಅಳತೆ ಗುರುತು ಇರುವ ಮಗ್ಗಿನಲ್ಲಿ ನೀರು ಹಾಕಿ, ತುಂಡು ಮುಳುಗಿಸಿ, ನೀರು ಎಷ್ಟು ಮಿಲಿಲೀಟರ್ ಏರಿತು ನೋಡಿ. ಗ್ರಾಂ ಅನ್ನು ಮಿಲಿಲೀಟರ್‌ನಿಂದ ಭಾಗಿಸಿ. 7ರ ಹತ್ತಿರ ಬಂದರೆ ಸತು. 2.7ರ ಹತ್ತಿರ ಅಲ್ಯೂಮಿನಿಯಂ. 1.7ರ ಹತ್ತಿರ ಮೆಗ್ನೀಸಿಯಂ. ಒಳಗೆ ಉಕ್ಕಿನ ಪಟ್ಟಿ ಸೇರಿಸಿ ಹೊಯ್ದ ತುಂಡಾದರೆ ಅಂಕಿ ಸ್ವಲ್ಪ ಮೇಲೆ ಹೋಗುತ್ತದೆ, ಆದರೂ ಗೊಂದಲವಾಗದು. ಮೆಗ್ನೀಸಿಯಂ ಬಗ್ಗೆ ಇನ್ನೂ ಅನುಮಾನ ಇದ್ದರೆ ಎರಡು ಹನಿ ವಿನಿಗರ್ ಬಿಡಿ. ಬುರುಬುರು ಅಂತ ಗುಳ್ಳೆ ಬರುತ್ತದೆ.

ಅಂದ ಹಾಗೆ, ಒಳಗೆ ಉಕ್ಕಿನ ಪಟ್ಟಿ ಇರುವ ಆನೋಡ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪಟ್ಟಿ ಇಲ್ಲದ್ದು ಬೋಲ್ಟಿನ ಸುತ್ತ ಸವೆದು ಸಡಿಲವಾಗುತ್ತದೆ. ಅರ್ಧ ಲೋಹ ಉಳಿದಿರುವಾಗಲೇ ಸಂಪರ್ಕ ತಪ್ಪುತ್ತದೆ.

ಹಾಕುವ ರೀತಿ ಕೆಟ್ಟರೆ ಲೋಹ ಯಾವುದಾದರೂ ಒಂದೇ

ಲೋಹದ ಆಯ್ಕೆಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಜೋಡಣೆಗೆ ಕೆಡಿಸಿಕೊಳ್ಳುವುದಿಲ್ಲ. ನನ್ನ ಪ್ರಕಾರ ಅದು ಉಲ್ಟಾ ಆಗಬೇಕು. ಸರಿಯಾಗಿ ಕೂತ ಸಾಧಾರಣ ಆನೋಡ್, ತಪ್ಪಾಗಿ ಕೂತ ದುಬಾರಿ ಆನೋಡಿಗಿಂತ ಮೇಲು.

ಆನೋಡ್ ಮತ್ತು ಮೋಟಾರಿನ ನಡುವೆ ಲೋಹಕ್ಕೆ ಲೋಹ ತಾಗಬೇಕು. ಹಳೆಯದನ್ನು ಬಿಚ್ಚಿದ ಮೇಲೆ ಅದು ಕೂತಿದ್ದ ಜಾಗವನ್ನು ವೈರ್ ಬ್ರಷ್ ಅಥವಾ ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ. ಅಲ್ಲಿ ಬಣ್ಣ, ಗ್ರೀಸ್, ಸೀಲೆಂಟ್ ಏನೂ ಇರಕೂಡದು. ಬೋಲ್ಟ್ ಬಿಗಿದ ಮೇಲೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ತುದಿ ಆನೋಡಿಗೆ, ಇನ್ನೊಂದು ಗೇರ್‌ಕೇಸಿನ ಬಣ್ಣವಿಲ್ಲದ ಜಾಗಕ್ಕೆ ಹಿಡಿಯಿರಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಮೋಟಾರಿಗೆ ಹೊಸದಾಗಿ ಪೇಂಟ್ ಮಾಡಿಸುವಾಗ ಪೇಂಟರ್‌ಗೆ ಮೊದಲೇ ಹೇಳಿ, ಆನೋಡ್ ಮೇಲೆ ಒಂದು ಕೋಟೂ ಬೀಳಬಾರದು. ಚೆಂದ ಕಾಣಲಿ ಅಂತ ಅದಕ್ಕೂ ಸೇರಿಸಿ ಹೊಡೆದುಬಿಡುತ್ತಾರೆ. ಪೇಂಟ್ ಬಿದ್ದ ಆನೋಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೋಣಿಯ ತಳಕ್ಕೆ ಹಾಕುವ ತಾಮ್ರ ಬೆರೆತ ಪಾಚಿನಿರೋಧಕ ಬಣ್ಣವನ್ನು ಮೋಟಾರಿಗೆ ಬಳಿಯುವುದಂತೂ ಬೇಡವೇ ಬೇಡ. ತಾಮ್ರ ಅಲ್ಯೂಮಿನಿಯಂಗೆ ತೂತು ಕೊರೆಯುತ್ತದೆ.

ಇನ್ನೊಂದು ಮುಖ್ಯ ಮಾತು. ಆನೋಡ್ ಕಾಯುವುದು ತಾನು ಮುಳುಗಿರುವ ನೀರಿನಲ್ಲೇ ಮುಳುಗಿರುವ ಭಾಗವನ್ನು ಮಾತ್ರ. ಪ್ರೊಪೆಲ್ಲರ್ ಮೇಲಿನ ಪ್ಲೇಟಿನ ಅಡಿಯಲ್ಲಿ ರೆಕ್ಕೆಯಂತೆ ಇರುವ ಟ್ರಿಮ್ ಟ್ಯಾಬ್ ಹಲವು ಮೋಟಾರುಗಳಲ್ಲಿ ಆನೋಡೇ ಆಗಿರುತ್ತದೆ. ದೋಣಿಗೆ ಸಿಕ್ಕಿಸುವ ಬ್ರಾಕೆಟ್ಟಿನ ತಳದಲ್ಲಿ ಇನ್ನೊಂದು ಇರುತ್ತದೆ. ಮೋಟಾರು ಮೇಲಕ್ಕೆತ್ತಿ ದೋಣಿ ನಿಲ್ಲಿಸಿದಾಗ ಟ್ರಿಮ್ ಟ್ಯಾಬ್ ಗಾಳಿಯಲ್ಲಿ, ಗೇರ್‌ಕೇಸಿನ ತುದಿ ಮಾತ್ರ ನೀರಿನಲ್ಲಿ ಉಳಿದರೆ ಆ ತುದಿಯನ್ನು ಹತ್ತಿರದಿಂದ ಕಾಯುವವರು ಯಾರೂ ಇಲ್ಲ. ಎತ್ತುವುದಾದರೆ ಪೂರ್ತಿ ಎತ್ತಿ.

ಬೇಸಿಗೆಯಲ್ಲಿ ಕೆಆರ್‌ಎಸ್ 124.80 ಅಡಿಯಿಂದ ಕೆಳಕೆಳಗೆ ಇಳಿಯುತ್ತಾ ಹೋದಂತೆ ದಡದಲ್ಲಿ ಕಟ್ಟಿದ ದೋಣಿಯ ಮೋಟಾರಿನ ಕೆಳಭಾಗ ಹೂಳಿನಲ್ಲಿ ಹೂತುಕೊಳ್ಳುತ್ತದೆ. ಮೆತ್ತಿದ ಕೆಸರು ಒಣಗಿದರೆ ಆನೋಡಿಗೆ ನೀರು ಸರಿಯಾಗಿ ತಾಗುವುದಿಲ್ಲ. ಉಜ್ಜಿ ತೊಳೆಯಿರಿ.

ಪ್ರೊಪೆಲ್ಲರ್ ಮತ್ತು ಫ್ಲಶ್

ಅಲ್ಯೂಮಿನಿಯಂ ಪ್ರೊಪೆಲ್ಲರ್ ಬಿಟ್ಟು ಸ್ಟೇನ್‌ಲೆಸ್‌ಗೆ ಬದಲಾದರೆ ಆನೋಡ್ ಬೇಗ ಸವೆಯುತ್ತದೆ. ಇದು ಸಹಜ, ಹೆದರಬೇಕಿಲ್ಲ. ಏನೂ ಬದಲಾಯಿಸದೆ ಇದ್ದಕ್ಕಿದ್ದಂತೆ ಬೇಗ ಸವೆಯತೊಡಗಿದರೆ ಗೇರ್‌ಕೇಸಿನ ಬಣ್ಣ ಎಲ್ಲಾದರೂ ಎದ್ದುಹೋಗಿದೆಯಾ, ಬ್ಯಾಟರಿಯ ಯಾವುದಾದರೂ ವೈರಿನಿಂದ ಕರೆಂಟು ಸೋರುತ್ತಿದೆಯಾ ಹುಡುಕಬೇಕು.

ಉಪ್ಪುನೀರಿನಿಂದ ಬಂದ ಮೋಟಾರಿಗೆ ಸಿಹಿನೀರಿನ ಫ್ಲಶ್ ಕಡ್ಡಾಯ. ಹೊರಗಿನ ಆನೋಡ್ ಎಂಜಿನ್ ಒಳಗಿನ ನೀರಿನ ದಾರಿಯನ್ನು ಕಾಯುವುದಿಲ್ಲ. ಮಲ್ಪೆಯಿಂದ ಮೈಸೂರು ತಲುಪುವುದರೊಳಗೆ ಒಳಗಿನ ನೀರು ಆರಿ ಉಪ್ಪು ಹರಳುಗಟ್ಟಲು ಶುರುವಾಗಿರುತ್ತದೆ. ಅದಕ್ಕೇ ಅಲ್ಲೇ ತೊಳೆದು ಲಾರಿಗೆ ಏರಿಸಿ. ನೀರು ಎಳೆಯುವ ಕಿಂಡಿಗೆ ಮಫ್ (ಕಿಂಡಿ ಮುಚ್ಚುವ ರಬ್ಬರ್ ಬಟ್ಟಲು) ಸಿಕ್ಕಿಸಿ ಪೈಪ್ ಕೊಟ್ಟು ಹತ್ತು ಹದಿನೈದು ನಿಮಿಷ ನಿಧಾನ ವೇಗದಲ್ಲಿ ಓಡಿಸಿ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದುಕೊಂಡರೇನೇ ನೀರು ಎಲ್ಲ ಮೂಲೆಗೂ ಹೋಗುವುದು. ನೀರು ಕೊಡದೆ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಕೆಲವು ಮೋಟಾರುಗಳಿಗೆ ಪ್ರತ್ಯೇಕ ಫ್ಲಶ್ ಪೋರ್ಟ್ ಇದೆ. ಅದನ್ನು ಬಳಸುವಾಗ ಎಂಜಿನ್ ಆಫ್ ಇರಬೇಕೋ ಆನ್ ಇರಬೇಕೋ ಮ್ಯಾನ್ಯುಯಲ್ ನೋಡಿ ಮಾಡಿ.

ಮಂಡ್ಯದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲಶ್ ಮಾಡಬಹುದಾ? ಬೇರೆ ನೀರಿಲ್ಲದಿದ್ದರೆ ಮಾಡಿ, ಉಪ್ಪು ಒಳಗೆ ಕೂರುವುದಕ್ಕಿಂತ ಎಷ್ಟೋ ವಾಸಿ. ಪ್ರತಿ ಸಲ ಅದೇ ಗಡಸು ನೀರಾದರೆ ಒಳಗೆ ಬಿಳಿ ಗಟ್ಟಿ ಕಟ್ಟುತ್ತದೆ. ಕಾವೇರಿ ನಲ್ಲಿ ನೀರು ಸಿಕ್ಕರೆ ಅದೇ ಒಳ್ಳೆಯದು.

ಬದಲಾಯಿಸುವುದು ಯಾವಾಗ ಅಂತ ಕೇಳುವವರಿಗೆ ರೂಢಿಯ ಉತ್ತರ: ಅರ್ಧ ಸವೆದಾಗ. ಪೂರ್ತಿ ಮುಗಿಯಲಿ ಅಂತ ಕಾಯುವುದು ಬೇಡ. ಮೋಟಾರಿನ ಬೆಲೆಯ ಮುಂದೆ ಆನೋಡಿನ ಬೆಲೆ ಏನೇನೂ ಅಲ್ಲ. ಸಮುದ್ರದಲ್ಲಿ ಕೆಲಸ ಮಾಡುವ ಮೋಟಾರಾದರೆ ತಿಂಗಳಿಗೊಮ್ಮೆ ನೋಡಿ, ಕಬಿನಿಯದ್ದಾದರೆ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ನೋಡಿದರೆ ಸಾಕು. ಹಾಗೆ ನೋಡುವಾಗ ಒಂದು ಕೆಲಸ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ. ಹಲವು ಮೋಟಾರುಗಳ ಸಿಲಿಂಡರ್ ಬ್ಲಾಕ್ ಒಳಗೂ ಸಣ್ಣ ಆನೋಡ್‌ಗಳಿರುತ್ತವೆ. ಹೊರಗೆ ಕಾಣುವುದು ಅವುಗಳ ಮುಚ್ಚಳದ ಬೋಲ್ಟ್ ಮಾತ್ರ. ಕೇಳದಿದ್ದರೆ ಯಾರೂ ಬಿಚ್ಚುವುದಿಲ್ಲ. ಕರಾವಳಿಯಲ್ಲಿ ವರ್ಷಗಟ್ಟಲೆ ಓಡಿದ ಮೋಟಾರಿನಲ್ಲಿ ಅವು ಪುಡಿಯಾಗಿ, ನೀರಿನ ದಾರಿಗೇ ಅಡ್ಡ ಸಿಕ್ಕಿಕೊಂಡಿರಬಹುದು. ಮುಚ್ಚಳ ಬಿಚ್ಚಿಸುವ ಮೊದಲು ಅದರ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಹೊಸದು ತರಿಸಿಟ್ಟುಕೊಳ್ಳಿ. ಹಳೆಯದನ್ನೇ ಮತ್ತೆ ಹಾಕಿದರೆ ನೀರು ಸೋರುತ್ತದೆ.